ಆರಾಧನೆಯಲ್ಲಿ ಮಕ್ಕಳ ಹಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಪುಷ್ಯ ಮಾಸದಲ್ಲಿ ನಮ್ಮ ಬಡಾವಣೆಯವರೆಲ್ಲ ಸೇರಿ ತ್ಯಾಗರಾಜರ ಮತ್ತು ಪುರಂದರದಾಸರ ಆರಾಧನೆ ಮಾಡುತ್ತೇವೆ. ಹಾಡುವವರು, ನುಡಿಸುವವರು ಎಲ್ಲರೂ ಶಾಲೆ ಮಕ್ಕಳು, ಕಾಲೇಜು ಹುಡುಗ ಹುಡುಗಿಯರು. ದೀಪಾವಳಿ ಕಳೆಯುತ್ತಿದ್ದ ಹಾಗೆ ಫೋನ್‌ಗಳು ಶುರುವಾಗುತ್ತವೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇವೆ. ಹೆಸರು ಕೊಡುವ ಮುಂಚೆ ಪೂರ್ತಿ ಓದಿ, ಮಕ್ಕಳಿಗೂ ಓದಿಸಿ.

ಆರಾಧನೆ ಯಾವತ್ತು? ಪ್ರತಿ ವರ್ಷ ದಿನಾಂಕ ಯಾಕೆ ಬದಲಾಗುತ್ತದೆ?

ತಿಥಿ ನೋಡಿ ಮಾಡುವುದರಿಂದ. ತ್ಯಾಗರಾಜರು ತಮಿಳುನಾಡಿನ ತಿರುವಯ್ಯಾರಿನಲ್ಲಿ ಕಾಲವಾದದ್ದು 1847ರ ಜನವರಿ 6ರಂದು. ಅವತ್ತು ಪುಷ್ಯ ಬಹುಳ ಪಂಚಮಿ. ಪುರಂದರದಾಸರ ಪುಣ್ಯದಿನ ಪುಷ್ಯ ಬಹುಳ ಅಮಾವಾಸ್ಯೆ, 1564ನೇ ಇಸವಿ. ಎರಡಕ್ಕೂ ನಡುವೆ ಹತ್ತು–ಹನ್ನೊಂದು ದಿನ. 2025ರಲ್ಲಿ ಒಂದು ಜನವರಿ 18ಕ್ಕೆ ಬಂತು, ಇನ್ನೊಂದು ಜನವರಿ 29ಕ್ಕೆ. ಈ ಎರಡು ತಿಥಿಗಳ ನಡುವೆ ಬರುವ ಶನಿವಾರ, ಭಾನುವಾರ ನಮ್ಮ ಕಾರ್ಯಕ್ರಮ. ಹಾಗಾಗಿ ಯಾರೂ ಶಾಲೆಗೆ ರಜೆ ಹಾಕಬೇಕಿಲ್ಲ.

ಇಬ್ಬರ ಆರಾಧನೆಯನ್ನೂ ಒಟ್ಟಿಗೆ ಯಾಕೆ ಮಾಡುತ್ತೀರಿ?

ಹತ್ತಿರ ಹತ್ತಿರ ಬರುತ್ತವೆ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಮಕ್ಕಳ ಪಾಠದಲ್ಲೇ ಇದೆ. ಮೊದಲು ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ ಅನ್ನುವ ಸ್ವರಪಾಠ, ಆಮೇಲೆ ಮಲಹರಿ ರಾಗದಲ್ಲಿ ಪಿಳ್ಳಾರಿ ಗೀತೆ ಅನ್ನುವ ಸಣ್ಣ ಹಾಡುಗಳು. ಈ ದಾರಿ ಹಾಕಿಕೊಟ್ಟವರು ಪುರಂದರದಾಸರು ಅಂತ ನಮ್ಮ ಸಂಪ್ರದಾಯ ಹೇಳುತ್ತದೆ. ಆ ದಾರಿಯಲ್ಲಿ ನಡೆದ ಮಗು ಮುಂದೆ ಹೋಗಿ ತ್ಯಾಗರಾಜರ ಕೃತಿಗಳಿಗೆ ತಲುಪುತ್ತದೆ. ತ್ಯಾಗರಾಜರೇ ತಮ್ಮ ‘ಪ್ರಹ್ಲಾದ ಭಕ್ತಿ ವಿಜಯ’ದಲ್ಲಿ ಪುರಂದರದಾಸರನ್ನು ನೆನೆದಿದ್ದಾರೆ.

ಇನ್ನೊಂದು ನಂಟು ಮಕ್ಕಳಿಗೆ ತಿಳಿದಿರಲೇಬೇಕು ಅಂತ ನಮ್ಮ ಆಸೆ. ತಿರುವಯ್ಯಾರಿನಲ್ಲಿ ಇವತ್ತು ನಾವು ನೋಡುವ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಿಸಿದವರು ಬೆಂಗಳೂರು ನಾಗರತ್ನಮ್ಮ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. ಹಾಡಿ ಗಳಿಸಿದ್ದನ್ನೆಲ್ಲ ಆ ಕೆಲಸಕ್ಕೆ ಹಾಕಿದರು. ಆದರೆ ಆಗ ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ನಾಗರತ್ನಮ್ಮ ಸುಮ್ಮನೆ ಕೂರಲಿಲ್ಲ. ಹೆಂಗಸರದ್ದೇ ಒಂದು ತಂಡ ಕಟ್ಟಿ ಪ್ರತ್ಯೇಕವಾಗಿ ಹಾಡಿಸಿದರು. 1940ರ ಸುಮಾರಿಗೆ ಗುಂಪುಗಳೆಲ್ಲ ಒಂದಾದವು, ಹೆಂಗಸರೂ ಎಲ್ಲರ ಜೊತೆ ಕೂತು ಹಾಡುವಂತಾಯಿತು. ನಮ್ಮ ವೇದಿಕೆಯಲ್ಲಿ ಹುಡುಗಿಯರೇ ಜಾಸ್ತಿ. ದೀಪ ಹಚ್ಚಿದ ಮೇಲೆ, ಮೊದಲ ಹಾಡಿಗೆ ಮುಂಚೆ, ಯಾರಾದರೂ ಒಬ್ಬ ಹುಡುಗಿ ನಾಗರತ್ನಮ್ಮನವರ ವಿಷಯ ಐದು ನಿಮಿಷ ಹೇಳುತ್ತಾಳೆ.

ಇದು ಸ್ಪರ್ಧೆನಾ? ಬಹುಮಾನ ಇದೆಯಾ?

ಸ್ಪರ್ಧೆ ಅಲ್ಲ. ಮೊದಲನೆಯದು, ಎರಡನೆಯದು ಅಂತ ಸ್ಥಾನ ಇಲ್ಲ, ತೀರ್ಪುಗಾರರೂ ಇಲ್ಲ. ಹಾಡಿದ ಪ್ರತಿ ಮಗುವಿಗೂ ಒಂದು ಹೂವು, ಹಣ್ಣು, ಒಂದು ಪುಸ್ತಕ.

ಇದನ್ನು ಬದಲಾಯಿಸಿ ಅಂತ ತುಂಬಾ ಜನ ಕೇಳುತ್ತಾರೆ. ಸ್ಪರ್ಧೆ ಬೇಕೆನ್ನುವ ಮಕ್ಕಳಿಗೆ ಊರಿನಲ್ಲಿ ಬೇಕಾದಷ್ಟು ಇವೆ, ಅವುಗಳ ಉಪಯೋಗವೂ ಇದೆ. ಆದರೆ ಸ್ಪರ್ಧೆಗೆ ತಯಾರಾಗುವ ಮಗು ಒಂದೇ ಹಾಡನ್ನು ತಿಂಗಳುಗಟ್ಟಲೆ ತಿದ್ದುತ್ತದೆ. ಪಕ್ಕದಲ್ಲಿ ಕೂತವರು ಏನು ಹಾಡಿದರು ಅಂತ ಕೇಳಿದರೆ ಗೊತ್ತಿರುವುದಿಲ್ಲ. ನಮಗೆ ಬೇಕಾಗಿರುವುದು ಕೇಳುವ ಮಕ್ಕಳು. ಕೇಳಿ ಕೇಳಿಯೇ ಸಂಗೀತ ಬರುವುದು ಅಲ್ವಾ?

ಯಾರು ಹಾಡಬಹುದು?

6 ವರ್ಷದಿಂದ 21 ವರ್ಷದವರೆಗೆ ಯಾರು ಬೇಕಾದರೂ. ನಮ್ಮ ಬಡಾವಣೆಯವರೇ ಆಗಬೇಕಿಲ್ಲ. ಜೂನಿಯರ್, ಸೀನಿಯರ್ ಪರೀಕ್ಷೆ ಪಾಸಾಗಿರಬೇಕು ಅನ್ನುವ ನಿಯಮವೂ ಇಲ್ಲ. ಗುರುಗಳು ‘ಹಾಡಬಹುದು’ ಅಂದರೆ ಸಾಕು.

ಏನು ಹಾಡಬೇಕು? ಎಷ್ಟು ಹೊತ್ತು?

ಗೀತೆ ಹಂತದ ಪುಟಾಣಿಗಳಿಗೆ 5 ನಿಮಿಷ. ‘ಲಂಬೋದರ ಲಕುಮಿಕರ’, ‘ಕೆರೆಯ ನೀರನು ಕೆರೆಗೆ ಚೆಲ್ಲಿ’ ಇಂಥ ಒಂದು ಗೀತೆ, ಜೊತೆಗೆ ಒಂದು ಸಣ್ಣ ದೇವರನಾಮ. ‘ಬರೀ ಗೀತೆ ತಾನೆ’ ಅಂತ ದಯವಿಟ್ಟು ಹಿಂಜರಿಯಬೇಡಿ. ಆರು ವರ್ಷದ ಮಗು ಮಲಹರಿಯ ಗೀತೆಯನ್ನು ತಾಳ ತಪ್ಪದೆ ಹಾಡಿದರೆ ಸಭೆಯಲ್ಲಿ ಎಲ್ಲರ ಕೈಯೂ ತಾನಾಗಿ ತೊಡೆಯ ಮೇಲೆ ತಾಳ ಹಾಕುತ್ತದೆ. ಅಲ್ಲಿ ಕೂತಿರುವ ದೊಡ್ಡವರಲ್ಲಿ ಮುಕ್ಕಾಲು ಪಾಲು ಜನ ಚಿಕ್ಕಂದಿನಲ್ಲಿ ಅದನ್ನೇ ಕಲಿತವರು.

ವರ್ಣ, ಕೃತಿ ಕಲಿತವರಿಗೆ 15 ನಿಮಿಷ. ರಾಗ, ಸ್ವರ ಹಾಡುವಷ್ಟು ಬೆಳೆದವರಿಗೆ ಭಾನುವಾರ ಸಂಜೆ ಅರ್ಧ ಗಂಟೆ. ತ್ಯಾಗರಾಜರದ್ದೋ ಹರಿದಾಸರದ್ದೋ ಒಂದು ರಚನೆ ಇರಲೇಬೇಕು. ಉಳಿದದ್ದು ನಿಮ್ಮ ಇಷ್ಟ. ಪುರಂದರದಾಸರದ್ದೇ ಆಗಬೇಕಂತಿಲ್ಲ, ಕನಕದಾಸರು, ವಿಜಯದಾಸರು, ಜಗನ್ನಾಥದಾಸರು ಯಾರದ್ದಾದರೂ ಆಗುತ್ತದೆ.

ಒಂದೇ ಒಂದು ಷರತ್ತು: ಹಾಡಿನ ಅರ್ಥ ಮಗುವಿಗೆ ಗೊತ್ತಿರಬೇಕು. ಹಾಡುವ ಮುಂಚೆ ಕೃತಿ, ರಾಗ, ತಾಳ ಹೇಳಿ, ಹಾಡು ಏನು ಹೇಳುತ್ತದೆ ಅಂತ ಒಂದೆರಡು ವಾಕ್ಯ ಮಗುವೇ ಹೇಳಬೇಕು. ಅಪ್ಪ ಅಮ್ಮ ಬರೆದುಕೊಟ್ಟದ್ದನ್ನು ಬಾಯಿಪಾಠ ಒಪ್ಪಿಸುವುದು ಬೇಡ. ತನ್ನ ಮಾತಿನಲ್ಲಿ ತೊದಲಿದರೂ ಪರವಾಗಿಲ್ಲ.

ನಮ್ಮ ಗುರುಗಳು ಅದೇ ದೇವರನಾಮವನ್ನು ಬೇರೆ ರಾಗದಲ್ಲಿ ಹೇಳಿಕೊಟ್ಟಿದ್ದಾರೆ. ತಪ್ಪಾಗುತ್ತದಾ?

ಇಲ್ಲ. ದಾಸರ ಸಾಹಿತ್ಯ ಉಳಿದು ಬಂತು, ಬಹಳಷ್ಟು ಹಾಡುಗಳ ಮೂಲ ಮಟ್ಟು ಉಳಿಯಲಿಲ್ಲ. ಮುಂದೆ ಬಂದವರು ತಮಗೆ ಒಪ್ಪುವ ರಾಗದಲ್ಲಿ ಹಾಡಿದರು. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಶ್ರೀರಾಗದಲ್ಲೂ ಹಾಡುತ್ತಾರೆ, ಮಧ್ಯಮಾವತಿಯಲ್ಲೂ ಹಾಡುತ್ತಾರೆ. ಒಂದೇ ದೇವರನಾಮವನ್ನು ಇಬ್ಬರು ಮಕ್ಕಳು ಎರಡು ರಾಗದಲ್ಲಿ ಹಾಡಿದರೆ ಕೇಳುವವರಿಗೆ ಲಾಭವೇ. ತ್ಯಾಗರಾಜರ ಕೃತಿಗಳ ವಿಷಯ ಬೇರೆ, ಅವು ಶಿಷ್ಯ ಪರಂಪರೆಯಲ್ಲಿ ರಾಗದ ಸಮೇತ ಬಂದಿವೆ. ಅಲ್ಲಿ ನಿಮ್ಮ ಗುರುಗಳು ಹೇಳಿಕೊಟ್ಟ ಪಾಠ ಯಾವುದೋ ಅದನ್ನೇ ಹಾಡಿ.

ನಾವು ಮೊದಲೇ ಹೆಸರು ಕೊಟ್ಟಿದ್ದೆವು. ನಮ್ಮ ಮಗುವಿನ ಸರದಿ ಯಾಕೆ ಮಧ್ಯಾಹ್ನಕ್ಕೆ ಹೋಯಿತು?

ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸರದಿ ನಿರ್ಧಾರ ಆಗುವುದು ಶ್ರುತಿಯ ಮೇಲೆ, ಅಂದರೆ ಮಗು ಹಾಡುವ ಆಧಾರ ಸ್ವರದ ಎತ್ತರದ ಮೇಲೆ. ಶ್ರುತಿಯನ್ನು 1, 1½, 2 ಹೀಗೆ ಸಂಖ್ಯೆಯಲ್ಲಿ ಹೇಳುತ್ತಾರೆ, ಸಂಖ್ಯೆ ಏರಿದ ಹಾಗೆ ಶ್ರುತಿಯೂ ಏರುತ್ತದೆ.

ನಿಮ್ಮ ಮಗುವಿಗೆ ಮೃದಂಗ ನುಡಿಸುವವರು ತಮ್ಮ ವಾದ್ಯವನ್ನು ಮಗುವಿನ ಶ್ರುತಿಗೆ ಸೇರಿಸಬೇಕು. ಬಲಗಡೆಯ ಅಂಚನ್ನು ಕಲ್ಲಿನಿಂದ ಸುತ್ತಲೂ ತಟ್ಟುತ್ತಾ, ಬೆರಳಿನಲ್ಲಿ ಮೀಟಿ ಕೇಳುತ್ತಾ, ಮತ್ತೆ ತಟ್ಟುತ್ತಾ ಸೇರಿಸುತ್ತಾರೆ. ಎಡಗಡೆಗೆ ರವೆ ಕಲಸಿ ಹಚ್ಚಿದ್ದು ಒಣಗುತ್ತಾ ಬಂದರೆ ನೀರು ತಟ್ಟಿ ಸರಿಮಾಡಬೇಕು. ಇಷ್ಟೆಲ್ಲ ಮಾಡಿದರೂ ಒಂದು ಮೃದಂಗವನ್ನು ಸ್ವಲ್ಪ ಮಾತ್ರ ಏರಿಸಬಹುದು, ಇಳಿಸಬಹುದು. 5½ ಶ್ರುತಿಯ ಮೃದಂಗ 1 ಶ್ರುತಿಗೆ ಬರುವುದೇ ಇಲ್ಲ, ಬೇರೆ ವಾದ್ಯವೇ ಬೇಕು. ಪಿಟೀಲಿನ ಕಷ್ಟವೂ ಕಡಿಮೆಯಿಲ್ಲ. ತಂತಿಯನ್ನು ಒಂದೇ ಸಲ ತುಂಬಾ ಬಿಗಿದರೆ ತುಂಡಾಗುತ್ತದೆ, ಸಡಿಲ ಬಿಟ್ಟರೆ ಸ್ವಲ್ಪ ಹೊತ್ತು ನಿಲ್ಲುವುದೇ ಇಲ್ಲ.

ಹೆಸರು ಕೊಟ್ಟ ಕ್ರಮದಲ್ಲೇ ಕರೆದರೆ ಏನಾಗುತ್ತದೆ ನೋಡಿ. ಒಂದು ಮಗು 5½, ಮುಂದಿನದು 1, ಅದರ ಮುಂದಿನದು 5. ಐದು ನಿಮಿಷದ ಹಾಡಿಗೆ ಹತ್ತು ನಿಮಿಷ ಶ್ರುತಿ ಸೇರಿಸುವುದಾಗುತ್ತದೆ. ವೇದಿಕೆಯ ಮೇಲೆ ಕೈಕಟ್ಟಿ ಕೂತ ಮಗು ಆ ಹತ್ತು ನಿಮಿಷದಲ್ಲಿ ಬೆವರುತ್ತದೆ. ಕೊನೆಗೆ ಸಮಯ ಸಾಲದೆ ಶ್ರುತಿ ಪೂರ್ತಿ ಸೇರದ ಮೃದಂಗದ ಜೊತೆ ಹಾಡಬೇಕಾಗುತ್ತದೆ. ಎಷ್ಟೇ ಚೆನ್ನಾಗಿ ಕಲಿತ ಮಗುವೂ ಅಲ್ಲಿ ಜಾರುತ್ತದೆ.

ಅದಕ್ಕೇ ಬೆಳಗ್ಗೆ 5½ ಮತ್ತು 6 ಶ್ರುತಿಯವರು, ಆಮೇಲೆ 5 ಶ್ರುತಿಯವರು, ಊಟವಾದ ಮೇಲೆ 1, 1½, 2 ಶ್ರುತಿಯವರು. ಊಟದ ಬಿಡುವಿನಲ್ಲಿ ಮೃದಂಗ ಬದಲಾಗುತ್ತದೆ, ಪಿಟೀಲಿನ ತಂತಿ ಇಳಿದು ನಿಲ್ಲುತ್ತದೆ. ಬೆಳಗ್ಗೆ ಪುಟಾಣಿಗಳು ಮತ್ತು ಹುಡುಗಿಯರು, ಮಧ್ಯಾಹ್ನ ದನಿ ಒಡೆದ ಹುಡುಗರು ಜಾಸ್ತಿ ಕಾಣುವುದಕ್ಕೆ ಇದೇ ಕಾರಣ. ಒಂದೇ ಶ್ರುತಿಯವರಲ್ಲಿ ಯಾರು ಮೊದಲು ಅನ್ನುವುದನ್ನು ಮಾತ್ರ ಹೆಸರು ಕೊಟ್ಟ ಕ್ರಮದಲ್ಲಿ ನೋಡುತ್ತೇವೆ. ದಾನಿಗಳ ಮನೆಯ ಮಕ್ಕಳಿಗೂ, ನಮ್ಮ ಸಮಿತಿಯವರ ಮಕ್ಕಳಿಗೂ ಇದೇ ಲೆಕ್ಕ.

ಮಗುವಿನ ಶ್ರುತಿ ಯಾವುದು ಅಂತ ನಮಗೆ ಗೊತ್ತಿಲ್ಲ.

ಗುರುಗಳನ್ನು ಕೇಳಿ. ಅರ್ಜಿಯಲ್ಲಿ ಶ್ರುತಿ ಬರೆಯದಿದ್ದರೆ ನಾವೇ ಫೋನ್ ಮಾಡಿ ಕೇಳುತ್ತೇವೆ. ಕೆಲವು ಮಕ್ಕಳು ಗುರುಗಳ ಶ್ರುತಿಯಲ್ಲೇ ಹಾಡಿ ಅಭ್ಯಾಸವಾಗಿರುತ್ತಾರೆ. ಮಗುವಿನ ಗಂಟಲಿಗೆ ಒಪ್ಪುವುದು ಬೇರೆಯೇ ಇರಬಹುದು. ಕೆಳಗಿನ ಸ್ವರ ಗಾಳಿಯಾಗಿ ಹೋಗದೆ ಕೇಳಬೇಕು, ಮೇಲೆ ತಾರ ಗಾಂಧಾರ ಕಿರುಚದೆ ಬರಬೇಕು. ಇವೆರಡೂ ಆಗುವ ಜಾಗವೇ ಮಗುವಿನ ಶ್ರುತಿ. ಹಿಂದೂಸ್ತಾನಿ ಕಲಿಯುವವರು ಕಾಳಿ ಒಂದು, ಕಾಳಿ ನಾಲ್ಕು ಅಂತ ಬರೆದರೆ ನಮಗೆ ತಿಳಿಯುತ್ತದೆ.

ಮಗನಿಗೆ ದನಿ ಒಡೆಯುತ್ತಿದೆ. ಈ ವರ್ಷ ಬಿಟ್ಟುಬಿಡಲಾ?

ಬಿಡಿಸಬೇಡಿ. ಹುಡುಗರು ಸಂಗೀತ ಬಿಡುವುದು ಹೆಚ್ಚಾಗಿ ಈ ವಯಸ್ಸಿನಲ್ಲೇ. ಹೋದ ವರ್ಷ ಸಲೀಸಾಗಿ ಮೇಲಿನ ಷಡ್ಜ ಹಿಡಿದವನಿಗೆ ಈ ವರ್ಷ ಸ್ವರ ನಿಲ್ಲುವುದಿಲ್ಲ. ಅವಮಾನ ಅನ್ನಿಸುತ್ತದೆ, ಆಮೇಲೆ ಕ್ಲಾಸಿಗೇ ಹೋಗುವುದಿಲ್ಲ. ಹಳೇ ಶ್ರುತಿಯಲ್ಲಿ ಎಳೆದಾಡಿ ಹಾಡಿಸುವುದು ಗಂಟಲಿಗೆ ಒಳ್ಳೆಯದಲ್ಲ. ಶ್ರುತಿ ಇಳಿಸಿ, ತಾರ ಸ್ಥಾಯಿಗೆ ಜಾಸ್ತಿ ಹೋಗದ ಒಂದು ಚಿಕ್ಕ ಕೃತಿ ಆರಿಸಿ. ಒಬ್ಬನೇ ಹಾಡಲು ಮನಸ್ಸಿಲ್ಲದಿದ್ದರೆ ತ್ಯಾಗರಾಜರ ಐದು ಕೃತಿಗಳನ್ನು ಎಲ್ಲರೂ ಸೇರಿ ಹಾಡುವ ಪಂಚರತ್ನ ಗೋಷ್ಠಿಯಲ್ಲಿ ಕೂರಲಿ. ಅದೂ ಬೇಡವೆಂದರೆ ಪಕ್ಕವಾದ್ಯದವರ ಹಿಂದೆ ಕೂತು ತಂಬೂರಿ ಮೀಟಲಿ. ವೇದಿಕೆಯ ಮೇಲೆ ಅವನಿಗೊಂದು ಜಾಗ ಇರಲಿ.

ಪಕ್ಕವಾದ್ಯ ಯಾರದ್ದು? ಮೊದಲೇ ಅಭ್ಯಾಸ ಮಾಡಿಕೊಳ್ಳಲು ಆಗುತ್ತದಾ?

ಪಿಟೀಲು, ಮೃದಂಗ ನಾವೇ ಏರ್ಪಾಡು ಮಾಡುತ್ತೇವೆ. ನುಡಿಸುವವರಲ್ಲಿ ಹೆಚ್ಚಿನವರು ಕಾಲೇಜು ವಯಸ್ಸಿನವರು, ಅವರಿಗೂ ಇದು ಕಲಿಕೆ. ಹಿಂದಿನ ಭಾನುವಾರ ಒಂದು ಅಭ್ಯಾಸ ಇಟ್ಟಿರುತ್ತೇವೆ. ಎಲ್ಲರೂ ಬರಲೇಬೇಕಂತಿಲ್ಲ, ಮೊದಲ ಸಲ ಹಾಡುವವರು ಮಾತ್ರ ತಪ್ಪಿಸಬೇಡಿ. ಮನೆಯಲ್ಲಿ ಶ್ರುತಿಪೆಟ್ಟಿಗೆ ಜೊತೆ ಹಾಡಿದ ಮಗುವಿಗೆ ಮೃದಂಗದ ಪೆಟ್ಟು ಪಕ್ಕದಲ್ಲೇ ಬಿದ್ದಾಗ ತಾಳ ಮುಂದಕ್ಕೆ ಓಡುತ್ತದೆ. ಒಂದು ಸಲ ಜೊತೆಗೆ ಹಾಡಿದರೆ ಸರಿಹೋಗುತ್ತದೆ.

ಮಗು ವೇದಿಕೆಯ ಮೇಲೆ ಮರೆತುಹೋದರೆ?

ತಾಳ ಬಿಡದೆ ಶ್ರುತಿ ಹಿಡಿದು ಕೂರಲಿ. ಪಿಟೀಲಿನವರು ಮುಂದಿನ ಸಾಲು ನುಡಿಸುತ್ತಾರೆ, ನೆನಪು ಬರುತ್ತದೆ. ಬರದಿದ್ದರೆ ಪಲ್ಲವಿಗೆ ವಾಪಸ್ ಬಂದು ಮುಗಿಸಲಿ. ನಿಮ್ಮಲ್ಲಿ ಒಂದು ಕೇಳಿಕೆ ಇದೆ. ಮಗು ತಡವರಿಸಿದಾಗ ಸಭೆಯಿಂದ ಸಾಹಿತ್ಯ ಕೂಗಿ ಹೇಳಬೇಡಿ. ಮಗು ಪಕ್ಕವಾದ್ಯ ಬಿಟ್ಟು ನಿಮ್ಮ ಮುಖ ನೋಡಲು ಶುರುಮಾಡುತ್ತದೆ, ಆಗ ತಾಳವೂ ಹೋಗುತ್ತದೆ. ಮನೆಗೆ ಹೋಗುವ ದಾರಿಯಲ್ಲಿ ತಪ್ಪಿನ ಪಟ್ಟಿ ಓದುವುದೂ ಬೇಡ.

ಪುಸ್ತಕ ಅಥವಾ ಮೊಬೈಲ್ ನೋಡಿ ಹಾಡಬಹುದಾ?

ಒಬ್ಬರೇ ಹಾಡುವಾಗ ಬೇಡ. ಗೋಷ್ಠಿಯಲ್ಲಿ ಪುಸ್ತಕ ಇಟ್ಟುಕೊಳ್ಳಬಹುದು.

ಪಂಚರತ್ನ ಗೋಷ್ಠಿಯಲ್ಲಿ ಯಾರು ಕೂರಬಹುದು? ಎಲ್ಲ ಐದೂ ಬರುವುದಿಲ್ಲ.

ಬರುವಷ್ಟು ಹಾಡಿ, ಬರದ ಕಡೆ ತಾಳ ಹಾಕಿ ಕೇಳಿ. ಕ್ರಮ ಯಾವಾಗಲೂ ಒಂದೇ: ನಾಟ, ಗೌಳ, ಆರಭಿ, ವರಾಳಿ, ಶ್ರೀ. ಐದೂ ಆದಿತಾಳ. ನಾಟದ ‘ಜಗದಾನಂದ ಕಾರಕ’ ಸಂಸ್ಕೃತದಲ್ಲಿದೆ, ಉಳಿದ ನಾಲ್ಕು ತೆಲುಗಿನಲ್ಲಿ. ಸಾಮಾನ್ಯವಾಗಿ ಮಕ್ಕಳಿಗೆ ಮೊದಲು ಬರುವುದು ಶ್ರೀರಾಗದ ‘ಎಂದರೋ ಮಹಾನುಭಾವುಲು’. ಅದೊಂದೇ ಬಂದರೂ ಬಂದು ಕೂರಿ.

ದೊಡ್ಡವರಿಗೂ ಇಲ್ಲಿ ಜಾಗ ಇದೆ, ಆದರೆ ಮುಂದಿನ ಸಾಲುಗಳು ಮಕ್ಕಳಿಗೆ. ಎಲ್ಲರೂ ಒಂದೇ ಶ್ರುತಿಗೆ ಹೊಂದಿಕೊಳ್ಳಬೇಕಾದ್ದರಿಂದ ಕೆಲವರಿಗೆ ಮೇಲೆ, ಕೆಲವರಿಗೆ ಕೆಳಗೆ ಕಷ್ಟವಾಗುತ್ತದೆ. ಅಂಥ ಕಡೆ ದನಿ ತಗ್ಗಿಸಿ, ಪಕ್ಕದವರ ದನಿ ಕೇಳಿಸಿಕೊಂಡು ಹಾಡಿ. ವೀಣೆ, ಕೊಳಲು ನುಡಿಸುವ ಮಕ್ಕಳೂ ಸೇರಬಹುದು. ನೋಡಿ ಹಾಡಲು ಕನ್ನಡ ಲಿಪಿಯ ಸಾಹಿತ್ಯ ಕೊಡುತ್ತೇವೆ, ಸ್ವರ ಸಮೇತ.

ನಮ್ಮ ಮಗು ಹಾಡಿದ ತಕ್ಷಣ ಹೊರಡಬಹುದಾ?

ದಯವಿಟ್ಟು ಹೊರಡಬೇಡಿ. ನಾವು ಇಡೀ ಉತ್ಸವ ಮಾಡುವುದೇ ಇದಕ್ಕಾಗಿ.

ನಿಮ್ಮ ಕಷ್ಟ ನಮಗೆ ಗೊತ್ತು. ಭಾನುವಾರ ಒಂದೇ ದಿನ ಸಿಗುವುದು, ಟ್ಯೂಷನ್ ಇದೆ, ನೆಂಟರ ಮನೆಗೆ ಹೋಗಬೇಕು. ಆದರೆ ಪ್ರತಿ ಮನೆಯವರೂ ತಮ್ಮ ಮಗುವಿನ ಹಾಡಿಗೆ ಬಂದು, ವಿಡಿಯೋ ಮಾಡಿಕೊಂಡು ಎದ್ದು ಹೋದರೆ, ಕೊನೆಯಲ್ಲಿ ಹಾಡುವ ಮಗುವಿನ ಮುಂದೆ ಖಾಲಿ ಕುರ್ಚಿಗಳು ಇರುತ್ತವೆ. ಆ ಮಗುವೂ ನಿಮ್ಮ ಮಗುವಿನಷ್ಟೇ ತಯಾರಾಗಿ ಬಂದಿರುತ್ತದೆ.

ಹಾಗಾಗಿ ಹೀಗೊಂದು ಕ್ರಮ ಮಾಡಿಕೊಂಡಿದ್ದೇವೆ. ಒಂದು ಶ್ರುತಿಯ ಮಕ್ಕಳೆಲ್ಲ ಒಂದು ತಂಡ. ತಂಡ ಶುರುವಾಗುವಾಗ ಎಲ್ಲರೂ ವೇದಿಕೆಯ ಮುಂದಿನ ಜಮಖಾನದ ಮೇಲೆ ಬಂದು ಕೂರಬೇಕು, ತಂಡದ ಕೊನೆಯ ಹಾಡು ಮುಗಿಯುವವರೆಗೆ ಅಲ್ಲೇ ಇರಬೇಕು. ಹೆಚ್ಚೆಂದರೆ ಎರಡು ಗಂಟೆ. ಹೂವು, ಹಣ್ಣು, ಪುಸ್ತಕ ಕೊಡುವುದು ತಂಡದ ಕೊನೆಯಲ್ಲೇ, ಎಲ್ಲರಿಗೂ ಒಟ್ಟಿಗೆ.

ಜಮಖಾನದ ಮೇಲೆ ಕೂತ ಮಕ್ಕಳನ್ನು ಸ್ವಲ್ಪ ಗಮನಿಸಿ. ತಾನು ಕಲಿತ ಕೃತಿಯನ್ನೇ ಇನ್ನೊಬ್ಬಳು ಹಾಡುವಾಗ ಮಗುವಿನ ತುಟಿ ಆಡುತ್ತಿರುತ್ತದೆ. ತನಗೆ ಗೊತ್ತಿಲ್ಲದ ಸಂಗತಿ, ಅಂದರೆ ಅದೇ ಸಾಲನ್ನು ಬೇರೆ ಬಗೆಯಲ್ಲಿ ಹಾಡುವುದು, ಬಂದ ಕೂಡಲೇ ತುಟಿ ನಿಲ್ಲುತ್ತದೆ, ತಲೆ ಎತ್ತಿ ನೋಡುತ್ತದೆ. ಮಾರನೇ ವಾರ ಕ್ಲಾಸಿನಲ್ಲಿ ‘ಅದನ್ನೂ ಹೇಳಿಕೊಡಿ’ ಅಂತ ಕೇಳಿದ ಮಕ್ಕಳಿದ್ದಾರೆ. ಈ ಪಾಠ ಮನೆಯಲ್ಲಿ ಸಿಗುವುದಿಲ್ಲ.

ಹಿಂದೂಸ್ತಾನಿ ಕಲಿಯುವವರು ಬರಬಹುದಾ?

ಖಂಡಿತ. ಒಂದು ಛೋಟಾ ಖ್ಯಾಲ್, ಒಂದು ದಾಸವಾಣಿ ಹಾಡಿದರೆ ಚೆನ್ನ. ಗದಗ ಸೀಮೆಯ ಭೀಮಸೇನ ಜೋಶಿಯವರ ದನಿಯಲ್ಲೇ ಎಷ್ಟೋ ಮನೆಗಳಿಗೆ ದಾಸರ ಪದ ತಲುಪಿದೆ. ತಬಲಾ, ಹಾರ್ಮೋನಿಯಂ ಬೇಕಿದ್ದರೆ ಅರ್ಜಿಯಲ್ಲಿ ಬರೆಯಿರಿ.

ಕೀಬೋರ್ಡ್, ಸ್ಯಾಕ್ಸೋಫೋನ್, ಗಿಟಾರ್ ನುಡಿಸಬಹುದಾ?

ಗಮಕ, ಅಂದರೆ ಸ್ವರದ ಓಲಾಟ, ಬರುವ ಹಾಗೆ ನುಡಿಸುವುದಾದರೆ ನುಡಿಸಬಹುದು. ಪಿಟೀಲು ಕೂಡ ಹೊರಗಿನಿಂದ ಬಂದದ್ದೇ. ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದವರು ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್. ರೆಕಾರ್ಡ್ ಮಾಡಿದ ಹಿನ್ನೆಲೆ ಸಂಗೀತ ಹಾಕಿಕೊಂಡು ನುಡಿಸುವುದಕ್ಕೆ ಮಾತ್ರ ಅವಕಾಶ ಇಲ್ಲ. ಪಕ್ಕದಲ್ಲಿ ಜೀವಂತ ಪಕ್ಕವಾದ್ಯ ಇರುವಾಗ ಅದು ಯಾಕೆ?

ಮಗುವಿಗೆ ಕಣ್ಣು ಕಾಣುವುದಿಲ್ಲ. ವ್ಯವಸ್ಥೆ ಇದೆಯಾ?

ಇದೆ. ವೇದಿಕೆ ಒಂದೇ ಮೆಟ್ಟಿಲಿನ ಎತ್ತರ, ಪಕ್ಕದಲ್ಲಿ ಇಳಿಜಾರು ಹಲಗೆ ಇರುತ್ತದೆ, ಗಾಲಿಕುರ್ಚಿಯೂ ಬರುತ್ತದೆ. ಕಾರ್ಯಕ್ರಮದ ಹಿಂದಿನ ಸಂಜೆ ಬಂದರೆ ವೇದಿಕೆ, ಮೈಕ್ ಎಲ್ಲ ಮುಟ್ಟಿ ನೋಡಿ ಹೋಗಬಹುದು. ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕಟ್ಟಿಕೊಟ್ಟ ಗದಗಿನ ವೀರೇಶ್ವರ ಪುಣ್ಯಾಶ್ರಮ ಇರುವ ನಾಡು ನಮ್ಮದು. ಪಂಚಾಕ್ಷರಿ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ, ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಸಂಕೋಚವಿಲ್ಲದೆ ಹೆಸರು ಕೊಡಿ.

ಯಾವ ಬಟ್ಟೆ?

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಆರಾಮಾಗಿ ಕೂರಲು ಆಗುವಂಥದ್ದು. ಹೊಸದು ಕೊಳ್ಳಬೇಡಿ. ಕೈತುಂಬಾ ಬಳೆ ಬೇಡ, ತಾಳ ಹಾಕುವಾಗ ಮೈಕಿನಲ್ಲಿ ಕೇಳುತ್ತದೆ.

ಊಟ?

ಎರಡೂ ದಿನ ಮಧ್ಯಾಹ್ನ ಎಲ್ಲರಿಗೂ ಇದೆ. ಅವರೆಕಾಯಿ ಕಾಲ, ಹಾಗಾಗಿ ಅವರೆಕಾಳಿನ ಉಪ್ಪಿಟ್ಟು ಇದ್ದೇ ಇರುತ್ತದೆ. ಹಾಡುವವರು ಹಾಡಿದ ಮೇಲೆ ಹೊಟ್ಟೆತುಂಬಾ ತಿನ್ನಲಿ. ಅದಕ್ಕೆ ಮುಂಚೆ ಹಗುರವಾಗಿ ಏನಾದರೂ ತಿಂದು, ಬೆಚ್ಚಗಿನ ನೀರು ಕುಡಿದರೆ ಸಾಕು.

ಭಾನುವಾರ ಬೆಳಗಿನ ಉಂಛವೃತ್ತಿಗೆ ಮಕ್ಕಳನ್ನು ಕಳಿಸಬಹುದಾ?

ಕಳಿಸಿ. ಆರೂವರೆಗೆ ದೇವಸ್ಥಾನದ ಮುಂದೆ ಸೇರಿ, ತಂಬೂರಿ, ತಾಳ ಹಿಡಿದು ಹಾಡುತ್ತಾ ನಾಲ್ಕು ರಸ್ತೆ ಸುತ್ತುತ್ತೇವೆ. ಮನೆಯವರು ಕೊಟ್ಟ ಅಕ್ಕಿ ಅವತ್ತಿನ ಅಡುಗೆಗೇ ಹೋಗುತ್ತದೆ. ಚಳಿ ಇರುತ್ತದೆ, ಕಿವಿ ಮುಚ್ಚುವ ಟೋಪಿ ಹಾಕಿ. ಅವತ್ತೇ ಹಾಡುವ ಮಕ್ಕಳು ಗಂಟಲು ಸೋಲದಂತೆ ಸುಮ್ನೆ ತಾಳ ಹಾಕಿಕೊಂಡು ನಡೆದರೆ ಸಾಕು.

ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಬಹುದಾ?

ನಿಮ್ಮ ಮಗುವಿನದ್ದು ಮಾಡಿಕೊಳ್ಳಿ, ಕೂತ ಜಾಗದಿಂದ. ಬೇರೆ ಮಕ್ಕಳದ್ದು ಅವರ ತಂದೆತಾಯಿಯನ್ನು ಕೇಳದೆ ಹಾಕಬೇಡಿ.

ಹಕ್ಕುಸ್ವಾಮ್ಯದ ಬಗ್ಗೆಯೂ ಕೇಳುತ್ತಾರೆ. ನಮ್ಮ ದೇಶದ ಕಾನೂನಿನಲ್ಲಿ ರಚನೆಕಾರರು ತೀರಿಹೋದ ಮೇಲೆ 60 ವರ್ಷ ಹಕ್ಕು ಇರುತ್ತದೆ. ದಾಸರು, ತ್ಯಾಗರಾಜರದ್ದು ಎಲ್ಲರ ಆಸ್ತಿ. 1961ರಲ್ಲಿ ತೀರಿಕೊಂಡ ಮೈಸೂರು ವಾಸುದೇವಾಚಾರ್ಯರ ಕೃತಿಗಳ ಅವಧಿಯೂ 2021ರ ಕೊನೆಗೆ ಮುಗಿದಿದೆ. ಆಮೇಲಿನವರ ರಚನೆಗಳನ್ನು ನಮ್ಮ ಹಾಗೆ ಟಿಕೆಟ್ ಇಲ್ಲದ ಹವ್ಯಾಸಿ ಸಭೆಯಲ್ಲಿ ಹಾಡಲು ಕಾನೂನೇ ಅವಕಾಶ ಕೊಟ್ಟಿದೆ. ಅದನ್ನೇ ಇಂಟರ್ನೆಟ್ಟಿಗೆ ಹಾಕುವುದು ಬೇರೆ ವಿಷಯ, ಹಕ್ಕುದಾರರನ್ನು ಕೇಳಬೇಕು.

ಶುಲ್ಕ ಎಷ್ಟು? ಖರ್ಚು ಯಾರದ್ದು?

ಶುಲ್ಕ ಇಲ್ಲ. ಮನೆಮನೆಯಿಂದ ಬಂದ ದೇಣಿಗೆಯಲ್ಲಿ ನಡೆಯುತ್ತದೆ. ಮೊದಲು ಎತ್ತಿಡುವುದು ಪಕ್ಕವಾದ್ಯದವರ ಸಂಭಾವನೆ, ಆಮೇಲೆ ಮೈಕ್ ಸೆಟ್, ಊಟ, ಶಾಮಿಯಾನ. ನುಡಿಸುವವರು ಹುಡುಗರು, ಬಸ್ ಚಾರ್ಜ್ ಕೊಟ್ಟರೆ ಸಾಕು ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ಸಾಲುಸಾಲು ಮಕ್ಕಳಿಗೆ ನುಡಿಸುವುದು ಅವತ್ತಿನ ಅತಿ ಕಷ್ಟದ ಕೆಲಸ. ಹಬ್ಬ ಮುಗಿದ ವಾರದಲ್ಲಿ ಲೆಕ್ಕದ ಹಾಳೆ ದೇವಸ್ಥಾನದ ಬೋರ್ಡಿನ ಮೇಲೆ ಇರುತ್ತದೆ.

ಅಕ್ಕಪಕ್ಕದವರಿಗೆ ಮೈಕಿನ ತೊಂದರೆ ಆಗುವುದಿಲ್ಲವಾ?

ಧ್ವನಿವರ್ಧಕಕ್ಕೆ ಪೊಲೀಸರಿಂದ ಬರಹದಲ್ಲಿ ಅನುಮತಿ ಪಡೆಯುತ್ತೇವೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು ಮಿತಿ 55 ಡೆಸಿಬೆಲ್, ರಾತ್ರಿ 45. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ನಾವು 8ಕ್ಕೇ ಮಂಗಳ ಹಾಡುತ್ತೇವೆ. ಸ್ಪೀಕರ್‌ಗಳು ಶಾಮಿಯಾನದ ಒಳಗೆ ಮಾತ್ರ. ಪರೀಕ್ಷೆಗೆ ಓದುವ ಮಕ್ಕಳು ಪಕ್ಕದ ಮನೆಗಳಲ್ಲೇ ಇರುತ್ತಾರೆ.

ನಮ್ಮ ಬೀದಿಯಲ್ಲೂ ಇಂಥದ್ದು ಶುರುಮಾಡಬೇಕು ಅಂತಿದ್ದೇವೆ. ಎಲ್ಲಿಂದ ಆರಂಭ?

ಮೊದಲು ಒಬ್ಬ ಪಿಟೀಲಿನವರು, ಒಬ್ಬ ಮೃದಂಗದವರನ್ನು ಹುಡುಕಿ. ಅವರು ಒಪ್ಪಿದ ದಿನವೇ ನಿಮ್ಮ ದಿನ. ಜಾಗ, ಶಾಮಿಯಾನ, ಬ್ಯಾನರ್ ಎಲ್ಲ ಆಮೇಲೆ. ಎರಡನೆಯದಾಗಿ ಹತ್ತಿರದ ಸಂಗೀತ ಪಾಠದ ಮನೆಗಳಿಗೆ ಖುದ್ದು ಹೋಗಿ ಗುರುಗಳನ್ನು ಕರೆಯಿರಿ, ವಾಟ್ಸಾಪ್ ಮೆಸೇಜ್ ಸಾಲದು. ಅವರು ಬಂದರೆ ಮಕ್ಕಳು ತಾವಾಗಿ ಬರುತ್ತಾರೆ.

ಮೊದಲ ವರ್ಷ ಒಂದೇ ಬೆಳಗ್ಗೆ ಮಾಡಿ. ಹತ್ತು ಹದಿನೈದು ಮಕ್ಕಳಾದರೆ ಯಾರ ಮನೆಯ ಹಜಾರವೂ ಸಾಕು, ಮೈಕೇ ಬೇಡ. ಮೈಕಿಲ್ಲದೆ ಹಾಡಿದ ಮಗುವಿಗೆ ತನ್ನ ದನಿ ಎಷ್ಟು ದೂರ ಹೋಗುತ್ತದೆ ಅಂತ ತಿಳಿಯುತ್ತದೆ. ಮುಖ್ಯ ಅತಿಥಿ, ಭಾಷಣ ಇಟ್ಟುಕೊಳ್ಳಬೇಡಿ. ಆ ಸಮಯದಲ್ಲಿ ಇನ್ನೂ ನಾಲ್ಕು ಮಕ್ಕಳು ಹಾಡಬಹುದು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1978ರಲ್ಲಿ ಸಣ್ಣದಾಗಿ ಶುರುವಾದ ತ್ಯಾಗರಾಜ ಆರಾಧನೆಗೆ ಈಗ ಎಲ್ಲೆಲ್ಲಿಂದಲೋ ಮಕ್ಕಳು ಹೋಗುತ್ತಾರೆ.

ಪಂಚರತ್ನದ ಸಾಹಿತ್ಯದ ಪ್ರತಿಗಳು, ಜಮಖಾನಗಳು, ಇಳಿಜಾರು ಹಲಗೆ ನಮ್ಮಲ್ಲಿವೆ. ಕೇಳಿದರೆ ಕೊಡುತ್ತೇವೆ, ತೊಳೆದು ಒಣಗಿಸಿ ವಾಪಸ್ ಮಾಡಿ. ದಿನ ಗೊತ್ತು ಮಾಡುವ ಮುಂಚೆ ಮಾತ್ರ ನಮಗೊಂದು ಫೋನ್ ಮಾಡಿ. ನಿಮ್ಮದು ನಮ್ಮದು ಒಂದೇ ಭಾನುವಾರ ಬಿದ್ದರೆ ಪಕ್ಕವಾದ್ಯದವರಿಗೆ ಕಷ್ಟ, ಎರಡೂ ಕಡೆ ಹಾಡಬೇಕೆನ್ನುವ ಮಕ್ಕಳಿಗೂ ಕಷ್ಟ.